ಮೂರು ಲಕ್ಷದ ಟ್ರೇಲರ್, ಆರು ಜನರ ಮನೆ: ನಾರಾಯಣಪುರದಿಂದ ಗೋಕರ್ಣಕ್ಕೆ ಒಂದು ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತಿನ ಮಾತು ಟ್ರೇಲರ್ ಬಗ್ಗೆ. ಸಿನಿಮಾ ಟ್ರೇಲರ್ ಅಲ್ಲ, ಯೂಟ್ಯೂಬ್ ತೆರೀಬೇಡಿ. ಕಾರಿನ ಹಿಂದೆ ಹುಕ್ ಹಾಕಿ ಎಳ್ಕೊಂಡು ಹೋಗೋ ಸಣ್ಣ ಮನೆ ಇರ್ತದಲ್ಲ, ಒಳಗೆ ಹಾಸಿಗೆ, ಹಿಂದೆ ಅಡುಗೆ ಕಟ್ಟೆ, ಅದರ ಬಗ್ಗೆ. ರೀಲ್ಸ್‌ನಲ್ಲಿ ನೋಡಿರ್ತೀರಿ: ಬೆಟ್ಟದ ತುದಿ, ಮಂಜು, ಒಂದು ಕಪ್ ಕಾಫಿ, ಹಿಂದೆ ಮುದ್ದಾದ ಟ್ರೇಲರ್. ಆ ರೀಲ್‌ನಲ್ಲಿ ಆರ್‌ಸಿ ಕಾಣಲ್ಲ, ಬೇರಿಂಗ್ ಗ್ರೀಸ್ ಕಾಣಲ್ಲ, ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಎಲ್ಲಿ ಹೋದರು ಅನ್ನೋದೂ ಕಾಣಲ್ಲ. ನಾನು ಅವನ್ನೇ ಹೇಳ್ತೀನಿ.

ನಮ್ಮೂರು ನಾರಾಯಣಪುರ. ಬಸವಕಲ್ಯಾಣದ ಪಕ್ಕದಲ್ಲೇ, ಬೀದರ್ ಜಿಲ್ಲೆ. ಚಾಲುಕ್ಯರ ಕಾಲದ ಶಿವನ ಗುಡಿ ಇರೋ ಊರು. ಕಲ್ಯಾಣ ಅಂದ ತಕ್ಷಣ ಹೊರಗಿನವರಿಗೆ ಅನುಭವ ಮಂಟಪ ನೆನಪಾಗ್ತದೆ, 108 ಅಡಿ ಬಸವಣ್ಣನ ಮೂರ್ತಿ ನೆನಪಾಗ್ತದೆ. ನಮಗೆ ಇನ್ನೊಂದು ನೆನಪಾಗ್ತದೆ, ಲಾರಿ. ಹೈದರಾಬಾದ್-ಸೊಲ್ಲಾಪುರ ಹೆದ್ದಾರಿ ಸಸ್ತಾಪುರ ಬಂಗ್ಲಾದ ಹತ್ತಿರ ಹಾದು ಹೋಗ್ತದೆ. ಅಲ್ಲಿ ನಿಂತರೆ ಟೈರ್ ಅಂಗಡಿ, ಬಾಡಿ ಕಟ್ಟೋರು, ಕಮಾನ್ ಪಟ್ಟಿ ಹೊಡೆಯೋರು, ವೆಲ್ಡಿಂಗ್ ಕಿಡಿ, ಡೀಸೆಲ್ ವಾಸನೆ. ನಮ್ಮ ಓಣಿಯಲ್ಲಿ ಲಾರಿ ಇಲ್ಲದ ಮನೆ ಇರಬಹುದು, ಲಾರಿ ಮೇಲೆ ದುಡಿದವರಿಲ್ಲದ ಮನೆ ಹುಡುಕೋದು ಕಷ್ಟ.

ನಮ್ಮಪ್ಪನೂ ಅವರಲ್ಲಿ ಒಬ್ಬರು. 31 ವರ್ಷ ಲಾರಿ ಓಡಿಸಿದರು. ಕಾಂಡ್ಲಾ ಬಂದರಿನಿಂದ ಕೋಲ್ಕತ್ತದವರೆಗೆ ಅವರು ನೋಡದ ರಸ್ತೆ ಇಲ್ಲ. ನಮ್ಮವ್ವ ನೋಡಿದ್ದು ತುಳಜಾಪುರ, ಗಾಣಗಾಪುರ, ಮಾಣಿಕನಗರ, ಮತ್ತೆ ಸೊಲ್ಲಾಪುರದ ಒಂದು ಆಸ್ಪತ್ರೆ. ಒಂದೇ ಮನೆಯ ಇಬ್ಬರ ಭೂಪಟ ಇದು. ಲಾರಿ ಮನೆಗಳಲ್ಲಿ ಇದು ಹೊಸದೇನಲ್ಲ. ಯಜಮಾನ ದೇಶ ತಿರುಗ್ತಾನೆ, ಮನೆಯಾಕೆ ಹೊಸ್ತಿಲಲ್ಲಿ ನಿಂತು ಫೋನ್ ಕಾಯ್ತಾಳೆ. ಫೋನ್ ಇಲ್ಲದ ಕಾಲದಲ್ಲಿ ಬರೀ ಕಾಯೋದು.

ಹೋದ ವರ್ಷ ಅಪ್ಪ ಲಾರಿ ಮಾರಿದರು. ಸಾಲ ತೀರಿಸಿ, ಅಣ್ಣನ ಅಂಗಡಿಗೆ ಕೊಟ್ಟು, ಮೂರು ಲಕ್ಷ ಉಳಿಯಿತು. ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು, "ಈ ರೊಕ್ಕದಾಗ ನಿನಗೇನು ಬೇಕು, ಹೇಳು." ಅವ್ವ ಬಂಗಾರ ಕೇಳ್ತಾಳೆ ಅಂತ ಎಲ್ಲರೂ ಅಂದುಕೊಂಡಿದ್ವಿ. ಅವ್ವ ರೊಟ್ಟಿ ಮುರೀತಾ, "ಸಮುದ್ರ ನೋಡಬೇಕ್ರಿ. ಮೂವತ್ತು ವರ್ಷ ಆತು ಬರೇ ನಿಮ್ಮ ಬಾಯಾಗ ಕೇಳಕತ್ತು" ಅಂದಳು.

ಸಮುದ್ರ ಅಂದ್ರೆ ನಮ್ಮ ರಾಜ್ಯದಲ್ಲೇ ಗೋಕರ್ಣ ಇದೆ. ಕಲಬುರಗಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾಟಿದರೆ ಆಯಿತು. ಹೋಗಿ, ಅಲ್ಲಿ ಇಲ್ಲಿ ಸುತ್ತಿ ಬರೋಕೆ 1200 ಕಿಲೋಮೀಟರ್ ಇಟ್ಟುಕೊಳ್ಳೋಣ. ಬಸ್ಸಿನಲ್ಲಿ ಹೋದರಾಯ್ತಪ್ಪ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವ್ವ, ವೈನಿ, ನಾನು ಮೂವರಿಗೂ ಟಿಕೆಟ್ ಸೊನ್ನೆ. ಬರೀ ದುಡ್ಡಿನ ಲೆಕ್ಕ ಹಾಕಿದರೆ ಇದನ್ನು ಮೀರಿಸೋ ಪ್ರವಾಸ ಇಲ್ಲ. ಯಾರಾದರೂ ನಿಮಗೆ "ಟ್ರೇಲರ್ ಅಂದ್ರೆ ಅತಿ ಅಗ್ಗದ ಪ್ರವಾಸ" ಅಂತ ಹೇಳಿದರೆ, ಮೊದಲು ಅವರಿಗೆ ಬಸ್ಸಿನ ಸ್ಟ್ಯಾಂಡ್ ತೋರಿಸಿ.

ಆದರೆ ನಮ್ಮವ್ವನಿಗೆ ಎರಡು ತೊಂದರೆ. ಒಂದು ಮೊಣಕಾಲು. ಎರಡನೇದು ಸಕ್ಕರೆ ಕಾಯಿಲೆ. ಸಕ್ಕರೆ ಇದ್ದವರಿಗೆ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗ್ತದೆ. ಇದನ್ನು ಪಾಡ್‌ಕಾಸ್ಟ್‌ನಲ್ಲಿ ಹೇಳ್ತಾಳಲ್ಲಪ್ಪ ಅಂತ ಮುಖ ಸಿಂಡರಿಸಬೇಡಿ. ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ದೂರದ ಪ್ರಯಾಣದ ದಿನ ಬೆಳಿಗ್ಗೆಯಿಂದ ಎಷ್ಟು ನೀರು ಕುಡೀತಾರೆ ಅಂತ. ಕುಡಿಯಲ್ಲ. ನಾಲಿಗೆ ಒಣಗಿದರೂ ಕುಡಿಯಲ್ಲ. ಗಂಡಸರಿಗೆ ಇಡೀ ಹೆದ್ದಾರಿ ಬಯಲು, ನಮಗೆ ಧಾಬಾದ ಹಿಂದಿನ ಚಿಲಕ ಇಲ್ಲದ ಬಾಗಿಲು. ಅವ್ವ ಹತ್ತು ವರ್ಷದಿಂದ ಮದುವೆ ಮುಂಜಿ ಅಂತ ಹೊರಗೆ ಹೋಗೋದನ್ನೇ ಕಡಿಮೆ ಮಾಡಿದ್ದು ಇದೇ ಕಾರಣಕ್ಕೆ, ಮೊಣಕಾಲು ಒಂದು ನೆಪ. ಹಾಗಾಗಿ ನಮ್ಮ ಮನೆಯಲ್ಲಿ ಟ್ರೇಲರ್ ಅನ್ನೋ ಮಾತು ಬಂದಿದ್ದು ಹಾಸಿಗೆಗಾಗಿ ಅಲ್ಲ, ಬಾಗಿಲು ಹಾಕಿಕೊಳ್ಳೋಕೆ ಬರೋ ಒಂದು ಟಾಯ್ಲೆಟ್‌ಗಾಗಿ.

ನಮ್ಮ ಕಡೆ ಊರೂರು ಸುತ್ತೋಕೆ ಎಲ್ಲರೂ ಮಾಡೋದು ಕ್ರೂಸರ್ ಬಾಡಿಗೆ. ಹನ್ನೆರಡು ಜನ, ಮೇಲೆ ಗಂಟುಮೂಟೆ, ಒಂದೇ ದಿನದಲ್ಲಿ ತುಳಜಾಪುರ, ಅಕ್ಕಲಕೋಟೆ, ಪಂಢರಾಪುರ ಮುಗಿಸಿ ವಾಪಸ್. ಒಂದು ದಿನಕ್ಕೆ ಅದು ಚೆಂದ. ಐದು ದಿನಕ್ಕೆ ದಿನದ ಬಾಡಿಗೆ, ಡ್ರೈವರ್ ಭತ್ಯೆ, ಲಾಡ್ಜು ಎಲ್ಲ ಸೇರಿ ಕೈ ಸುಡ್ತದೆ.

ಸ್ವಲ್ಪ ಇತಿಹಾಸ ಹೇಳಿಬಿಡ್ತೀನಿ, ಬೇಗ. ಮೋಜಿಗಾಗಿ ಮಾಡಿಸಿದ ಮೊದಲ ಕಾರವಾನ್ ಅಂತ ಹೇಳೋದು 1885ರ 'ವಾಂಡರರ್' ಅನ್ನೋದನ್ನ. ಗಾರ್ಡನ್ ಸ್ಟೇಬಲ್ಸ್ ಅನ್ನೋ ಬ್ರಿಟನ್ನಿನ ಬರಹಗಾರ ಮಾಡಿಸಿಕೊಂಡಿದ್ದು, ಕುದುರೆ ಎಳೆಯೋದು. ಆಮೇಲೆ 1930ರ ದಶಕದಲ್ಲಿ, ಅಮೆರಿಕದಲ್ಲಿ ಜನರ ಕೈಯಲ್ಲಿ ಕಾಸಿಲ್ಲದ ಕಾಲಕ್ಕೆ, ಕಣ್ಣೀರ ಹನಿಯ ಆಕಾರದ ಸಣ್ಣ ಟ್ರೇಲರ್‌ಗಳು ಬಂದವು. 'ಟಿಯರ್‌ಡ್ರಾಪ್' ಅಂತಾರೆ. ಜನ ಮನೆಯ ಹಿತ್ತಲಲ್ಲೇ ಕಟ್ಟಿಕೊಳ್ತಿದ್ದರು. ಬಹಳಷ್ಟು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ. ಯಾಕೆ ಹೇಳಿ? ಪ್ಲೈವುಡ್ ಶೀಟಿನ ಅಳತೆ ಅದು. ಇವತ್ತು ಕಲ್ಯಾಣದ ಅಂಗಡಿಗೆ ಹೋಗಿ ಪ್ಲೈವುಡ್ ಕೇಳಿದರೂ ಅದೇ 8×4 ಶೀಟ್ ಕೊಡ್ತಾರೆ. ಮುಂದೆ ಇಬ್ಬರು ಮಲಗೋ ಜಾಗ, ಹಿಂದೆ ಮುಚ್ಚಳ ಎತ್ತಿದರೆ ಅಡುಗೆ ಕಟ್ಟೆ. ನಿಂತುಕೊಳ್ಳೋಕೆ ಆಗಲ್ಲ, ಕೂರಬಹುದು.

ಅಮೆರಿಕ ಬ್ರಿಟನ್ ಯಾಕೆ, ನಮ್ಮಜ್ಜಿ ಕಾಲದಲ್ಲೂ ಇತ್ತಲ್ಲ. ಸವಾರಿ ಬಂಡಿ. ಮೇಲೆ ಕಮಾನು, ಒಳಗೆ ಹುಲ್ಲು, ಅದರ ಮೇಲೆ ಕೌದಿ. ಜಾತ್ರೆಗೆ ಅಂತ ಹೊರಟರೆ ರೊಟ್ಟಿ ಬುತ್ತಿ, ಹಿಂಡಿ, ಒಲೆ ಹೂಡೋಕೆ ಮೂರು ಕಲ್ಲು, ಎತ್ತಿಗೆ ಮೇವು. ರಾತ್ರಿ ಬಂಡಿ ಕೆಳಗೇ ಮಲಗೋದು. ಈಗಲೂ ಕಬ್ಬು ಕಡಿಯೋ ಹಂಗಾಮಿನಲ್ಲಿ ಮರಾಠವಾಡದ ಕಡೆಯಿಂದ ಕುಟುಂಬಗಳು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಪಾತ್ರೆ, ಮಕ್ಕಳು, ಕೋಳಿ ಸಮೇತ ಬರ್ತಾರೆ. ಅವರದ್ದು ಪ್ರವಾಸ ಅಲ್ಲ, ಹೊಟ್ಟೆಪಾಡು. ಅದು ಬೇರೆ ಸಂಚಿಕೆಯ ಮಾತು.

ಈಗ ಮುಖ್ಯ ವಿಷಯ. ನೀವು ಕೊಳ್ಳಬೇಕು ಅಂತಿದ್ದರೆ ಇದನ್ನು ಗಮನ ಕೊಟ್ಟು ಕೇಳಿ.

ಮೊದಲು ಅಪ್ಪ ಹೇಳಿದ್ದು, "ಇದನ್ನ ನಾವೇ ಕಟ್ಟೋಣು. ಬಂಗ್ಲಾದಾಗ ನಮ್ಮ ಹುಡುಗರದಾರ, ಹದಿನೈದು ದಿನದಾಗ ನಿಲ್ಲಿಸ್ತಾರ." ಕಟ್ಟೋರೇನೋ ಕಟ್ತಾರೆ. ಇಡೀ ಲಾರಿ ಕಟ್ಟೋರಿಗೆ ಇದು ಆಟಿಕೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಎಂಜಿನ್ ಇಲ್ಲದಿದ್ದರೂ. ಅದಕ್ಕೂ ನೋಂದಣಿ ಬೇಕು, ನಂಬರ್ ಪ್ಲೇಟ್ ಬೇಕು, ಮೂರನೇ ವ್ಯಕ್ತಿಯ ವಿಮೆ ಬೇಕು. ನೋಂದಣಿ ಆಗಬೇಕಾದರೆ ಆ ಮಾದರಿ ಪರೀಕ್ಷೆ ಆಗಿ ಮಂಜೂರಾಗಿರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 126ನೇ ನಿಯಮ ಅದನ್ನೇ ಹೇಳೋದು, ಪುಣೆಯ ಎಆರ್‌ಎಐ ಥರದ ಸಂಸ್ಥೆಗಳು ಆ ಪರೀಕ್ಷೆ ಮಾಡ್ತವೆ. ಒಂದೇ ಒಂದು ಟ್ರೇಲರ್‌ಗಾಗಿ ನಾವು ಆ ದಾರಿ ಹಿಡಿಯೋದು ಅಂದ್ರೆ ಇಲಿ ಹಿಡಿಯೋಕೆ ಬೆಟ್ಟ ಅಗೆದ ಹಾಗೆ. ಹೊಲದಲ್ಲಿ ನೂರು ಟ್ರಾಲಿ ನಂಬರ್ ಇಲ್ಲದೆ ಓಡ್ತಾವಲ್ಲ ಅಂತ ಅಣ್ಣ ವಾದ ಮಾಡಿದ. ಓಡ್ತಾವೆ, ನಿಜ. ಅವು ಯಾರಿಗಾದರೂ ಗುದ್ದಿದ ಮೇಲೆ ವಿಮೆ ಇಲ್ಲದೆ ಕೋರ್ಟು ಅಲೆಯೋ ಮನೆಗಳನ್ನೂ ನಮ್ಮಪ್ಪ ನೋಡಿದ್ದಾರೆ. ಅವರೇ, "ಬ್ಯಾಡಪ್ಪ, ಕಾಗದ ಇದ್ದದ್ದೇ ತಗೊಳ್ಳೋಣು" ಅಂದರು.

ಕಾಗದ ಅಂದೆ. ನಾನು ನೋಡಿದ ಮೊದಲ ಟ್ರೇಲರ್ ಫೋಟೋದಲ್ಲಿ ಎಷ್ಟು ಚೆಂದ ಇತ್ತು ಅಂದ್ರೆ, ಒಳಗೆ ಲೈಟು, ಫ್ಯಾನು, ಗೋಡೆಗೆ ಚಿತ್ರ. ಆರ್‌ಸಿ ಕಳಿಸಿ ಅಂದೆ. ಆ ಕಡೆಯವರು, "ಆರ್‌ಸಿ ಯಾಕ್ರಿ ಮೇಡಂ, ಇದನ್ನ ಯಾರೂ ಹಿಡಿಯಲ್ಲ" ಅಂದರು. ಫೋನ್ ಇಟ್ಟೆ. ನಿಮಗೂ ಇದೇ ಉತ್ತರ ಬಂದರೆ ನೀವೂ ಇಡಿ.

ಎರಡನೇದು, ಎಳೆಯೋ ಗಾಡಿ. ನಮ್ಮನೆಯಲ್ಲಿ ಏಳು ಸೀಟಿನ ಡೀಸೆಲ್ ಗಾಡಿ ಇದೆ. ಎಂಜಿನ್ ಎಳೀತದೆ, ಸಂಶಯ ಇಲ್ಲ. ಆದರೆ ಪ್ರಶ್ನೆ ಅದಲ್ಲ. ಅಪ್ಪ ಹೇಳಿದ್ದನ್ನ ಹಾಗೇ ಹೇಳ್ತೀನಿ: "ನೋಡವ್ವಾ, ಎಳೆಯೋದು ಎತ್ತೂ ಎಳೀತದ. ಇಳಿಜಾರಿನಾಗ ನಿಲ್ಲಿಸೋದು ಯಾರು, ಅದನ್ನ ಕೇಳು." ಗಾಡಿಯ ಜೊತೆ ಬರೋ ಪುಸ್ತಕ ಇದೆಯಲ್ಲ, ಡ್ಯಾಶ್‌ಬೋರ್ಡ್ ಒಳಗೆ ಪ್ಲಾಸ್ಟಿಕ್ ಕವರ್ ಕೂಡ ತೆಗೀದೆ ಇಟ್ಟಿರ್ತೀವಲ್ಲ, ಅದನ್ನು ತೆಗೀರಿ. ಎಷ್ಟು ತೂಕ ಎಳೆಯಬಹುದು ಅಂತ ಇದ್ದರೆ ಅದೇ ನಿಮ್ಮ ಮಿತಿ. ಎಳೀಬಾರದು ಅಂತ ಇದ್ದರೆ ಮುಗೀತು, ಆ ಗಾಡಿಗೆ ಟ್ರೇಲರ್ ಇಲ್ಲ. ಏನೂ ಬರೆದಿಲ್ಲದಿದ್ದರೆ ಕಂಪನಿಗೆ ಬರೆದು ಲಿಖಿತ ಉತ್ತರ ತಗೊಳ್ಳಿ. ನಾನು ಹಾಗೇ ಮಾಡಿದೆ. ಹುಕ್ ಅನ್ನು ಬೀದಿ ವೆಲ್ಡಿಂಗ್‌ನಲ್ಲಿ ಹಾಕಿಸಬೇಡಿ. ವಾಹನವನ್ನು ಮನಸ್ಸಿಗೆ ಬಂದಂತೆ ಬದಲಾಯಿಸೋಕೆ ಕಾಯ್ದೆಯ 52ನೇ ಕಲಂ ಬಿಡೋದಿಲ್ಲ, ಮುಂದೆ ವಿಮೆ ಕ್ಲೇಮಿಗೂ ಅದೇ ಅಡ್ಡ ಬರ್ತದೆ.

ತೂಕದ ವಿಷಯದಲ್ಲಿ ಬ್ರಿಟನ್ನಿನ ಕಾರವಾನ್ ಬಳಗದವರು ಹೊಸಬರಿಗೆ ಒಂದು ಮಾತು ಹೇಳ್ತಾರೆ: ತುಂಬಿದ ಟ್ರೇಲರ್‌ನ ತೂಕ ಎಳೆಯೋ ಕಾರಿನ ತೂಕದ ಶೇ. 85 ದಾಟಬಾರದು. ನಾವು ಅದಕ್ಕಿಂತ ಬಹಳ ಕೆಳಗೇ ಇದ್ದೀವಿ. ನಮ್ಮ ದೇಶದ ನಿಯಮದಲ್ಲಿ ಒಟ್ಟು ತೂಕ 750 ಕೆಜಿ ಒಳಗಿನ ಟ್ರೇಲರ್‌ಗೆ ಟಿ1 ಅಂತ ವರ್ಗ ಇದೆ. ನಮಗೆ ಬೇಕಾಗಿದ್ದು ಆ ಗಾತ್ರದ್ದು.

ಇನ್ನು ಲೈಸೆನ್ಸ್ ಬಗ್ಗೆ ಬಹಳ ಜನ ಕೇಳ್ತಾರೆ. ಟ್ರ್ಯಾಕ್ಟರ್ ಓಡಿಸೋ ಲೈಸೆನ್ಸ್ ಇದ್ದವನು ಹಿಂದೆ ಟ್ರಾಲಿ ಕಟ್ಟಿದ ಮಾತ್ರಕ್ಕೆ ಆ ಲೈಸೆನ್ಸ್ ನಿರರ್ಥಕ ಆಗಲ್ಲ ಅಂತ 2001ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಾರಿಗೂ ಟ್ರೇಲರ್‌ಗೂ ನಿಮ್ಮ ಲೈಸೆನ್ಸ್ ಸಾಕೋ ಇಲ್ಲವೋ ಅನ್ನೋದನ್ನು ನಿಮ್ಮ ಆರ್‌ಟಿಒದಲ್ಲೇ ಕೇಳಿಕೊಳ್ಳಿ. ನಮ್ಮದು ಕೆಎ-56, ಬಸವಕಲ್ಯಾಣ. ಬೀದರ್‌ವರೆಗೆ ಹೋಗೋ ಕೆಲಸ ತಪ್ಪಿದೆ, ಅದೊಂದು ಪುಣ್ಯ.

ಹೊಸದಕ್ಕೆ ನನಗೆ ಬಂದ ದರ ನಾಲ್ಕು ಲಕ್ಷದ ಮೇಲೆ. ನಮ್ಮ ಕೈಲಿದ್ದದ್ದು ಮೂರು. ಕೊನೆಗೆ ಪುಣೆ ಕಡೆಯ ಒಂದು ಕುಟುಂಬದ ಹತ್ತಿರ ಹಳೇದು ಸಿಕ್ಕಿತು. ಕಾಗದ ಎಲ್ಲ ಸರಿ ಇತ್ತು. 2 ಲಕ್ಷ 40 ಸಾವಿರ. ನೋಡೋಕೆ ಅಪ್ಪ, ನಾನು ಇಬ್ಬರೇ ಹೋದ್ವಿ.

ಆ ದಿನ ಅಪ್ಪ ನೋಡಿದ್ದನ್ನು ನೀವು ಬರೆದಿಟ್ಟುಕೊಳ್ಳಬಹುದು. ಒಳಗಿನ ಹಾಸಿಗೆ, ಲೈಟು ಕಡೆ ಅವರು ತಿರುಗಿಯೂ ನೋಡಲಿಲ್ಲ. ಸೀದಾ ಕೆಳಗೆ ಬಗ್ಗಿದರು. ಟೈರ್ ಮೇಲೆ ಒಂದು ಸಣ್ಣ ನಾಲ್ಕಂಕಿಯ ಗುರುತು ಇರ್ತದೆ. 3219 ಅಂತ ಇದ್ದರೆ 2019ನೇ ವರ್ಷದ 32ನೇ ವಾರ ತಯಾರಾದದ್ದು ಅಂತ ಅರ್ಥ. ಟ್ರೇಲರ್ ಹೆಚ್ಚು ಓಡಲ್ಲ, ನಿಂತೇ ಇರ್ತದೆ. ಹಾಗಾಗಿ ಮೇಲಿನ ಗುಂಡಿ ಹೊಸದರಂತೆ ಕಾಣ್ತದೆ, ರಬ್ಬರ್ ಮಾತ್ರ ಒಳಗೇ ಮುದಿಯಾಗಿರ್ತದೆ. ಪಕ್ಕದಲ್ಲಿ ಸಣ್ಣ ಬಿರುಕು ಕಂಡವು. "ಎರಡೂ ಟೈರ್ ಬದಲಿ, ಆ ರೊಕ್ಕ ಮುರ್ಕೊಂಡು ಮಾತಾಡ್ರಿ" ಅಂದರು ಅಪ್ಪ. ಆಮೇಲೆ ಜಾಕ್ ಹಾಕಿ ಗಾಲಿ ಎತ್ತಿ, ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದರು. ಅಲುಗಿದರೆ ಬೇರಿಂಗ್ ಸವೆದಿದೆ. ಗಾಲಿ ತಿರುಗಿಸಿ ಕಿವಿ ಇಟ್ಟರು. ಗರಗರ ಸದ್ದು ಬಂದರೆ ಗ್ರೀಸ್ ಒಣಗಿದೆ. ಆಮೇಲೆ ಒಳಗೆ ಹೋಗಿ ಮೂಲೆ ಮೂಲೆಯಲ್ಲಿ ಪ್ಲೈವುಡ್ ಮೇಲೆ ಬೆರಳ ಗೆಣ್ಣಿನಿಂದ ಬಡಿದರು. ಗಟ್ಟಿ ಸದ್ದು ಬಂದರೆ ಒಣ, ಮೆತ್ತಗೆ ಬಂದರೆ ನೀರು ಕುಡಿದಿದೆ. ಒಂದು ಮೂಲೆ ಮೆತ್ತಗಿತ್ತು. ಅದಕ್ಕೂ ಸ್ವಲ್ಪ ಕಡಿತ. ಕೊನೆಗೆ 2 ಲಕ್ಷ 20 ಸಾವಿರಕ್ಕೆ ಮುಗೀತು. ಮಾರಿದವರು ಒಳ್ಳೆಯವರು, ಚಹಾ ಕೊಟ್ಟರು, ಅಡುಗೆ ಕಟ್ಟೆಯ ಸಣ್ಣ ಸ್ಟೌ ಕೂಡ ಬಿಟ್ಟುಕೊಟ್ಟರು.

ಬೇರೆ ರಾಜ್ಯದಿಂದ ತಂದರೆ ಕಾಗದದ ಕೆಲಸ ಜಾಸ್ತಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಹೆಸರು ಬದಲಾವಣೆ, ಇಲ್ಲಿ ಹೊಸ ನಂಬರ್, ಇಲ್ಲಿನ ತೆರಿಗೆ. ಬೇರೆ ರಾಜ್ಯದ ನಂಬರ್‌ನಲ್ಲಿ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ತೆರಿಗೆ, ವಿಮೆ, ಹುಕ್, ಎರಡು ಟೈರ್, ಬೇರಿಂಗ್, ಆ ಮೂಲೆಯ ಪ್ಲೈವುಡ್ ಎಲ್ಲ ಸೇರಿ ನಮ್ಮ ಮೂರು ಲಕ್ಷ ಪೂರ್ತಿ ಮುಗೀತು. ಚಿಲ್ಲರೆ ಕೂಡ ಉಳೀಲಿಲ್ಲ.

ಈಗ ಇದು ನಿಜವಾಗಲೂ ಅಗ್ಗವೋ? ಲೆಕ್ಕ ಹಾಕೋಣ, ನಾನು ದಿನಾ ಲೆಕ್ಕ ಬರೆಯೋ ಕೆಲಸದವಳು. ಮೂರು ಲಕ್ಷಕ್ಕೆ ಕೊಂಡು, ಎಂಟು ವರ್ಷ ಬಳಸಿ, ಒಂದು ಲಕ್ಷಕ್ಕೆ ಮಾರಿದರೆ ವರ್ಷಕ್ಕೆ 25 ಸಾವಿರ. ವಿಮೆ, ಗ್ರೀಸು, ಸಣ್ಣಪುಟ್ಟ ರಿಪೇರಿ ಅಂತ ಏಳು ಸಾವಿರ ಸೇರಿಸಿ. 32 ಸಾವಿರ. ಇದು ನೀವು ಮನೆ ಬಿಟ್ಟು ಕದಲದಿದ್ದರೂ ಹೋಗೋ ಹಣ. ಇನ್ನು ಲಾಡ್ಜು: ನಾವು ಆರು ಜನ, ಎರಡು ರೂಮು, ರೂಮಿಗೆ 1200 ಅಂದ್ರೆ ರಾತ್ರಿಗೆ 2400. ಡೀಸೆಲ್ ನೋಡಿ. ನಮ್ಮ ಗಾಡಿ ಲೀಟರ್‌ಗೆ 14 ಕಿಲೋಮೀಟರ್ ಕೊಡೋದು ಟ್ರೇಲರ್ ಕಟ್ಟಿದರೆ 11ಕ್ಕೆ ಇಳೀತದೆ. 1200 ಕಿಲೋಮೀಟರ್‌ಗೆ 86 ಲೀಟರ್ ಬದಲು 109 ಲೀಟರ್. 23 ಲೀಟರ್ ಹೆಚ್ಚು, ಲೀಟರ್‌ಗೆ 90 ರೂಪಾಯಿ ಹಿಡಿದರೆ ಸುಮಾರು 2100. ಐದು ರಾತ್ರಿಗೆ ಹಂಚಿದರೆ ರಾತ್ರಿಗೆ 420. ಅಂದ್ರೆ ಟ್ರೇಲರ್‌ನಲ್ಲಿ ಮಲಗಿದ ಪ್ರತಿ ರಾತ್ರಿ ನಮಗೆ ಉಳಿಯೋದು 1980. 32 ಸಾವಿರವನ್ನು ಅದರಿಂದ ಭಾಗಿಸಿ. ಹದಿನಾರು ಚಿಲ್ಲರೆ. ವರ್ಷಕ್ಕೆ ಹದಿನೇಳು ರಾತ್ರಿ ಹೊರಗೆ ಮಲಗಿದರೆ ಲಾಡ್ಜಿಗೂ ಇದಕ್ಕೂ ಸಮ ಸಮ. ಹತ್ತೇ ರಾತ್ರಿ ಅಂದ್ರೆ ನಷ್ಟ. ಇಪ್ಪತ್ತೈದು ಅಂದ್ರೆ ಲಾಭ. ಹೊರಗಿನ ಊಟ ಉಳಿಯೋದನ್ನು ಸೇರಿಸಿದರೆ ಸ್ವಲ್ಪ ಬೇಗ ಸಮ ಆಗ್ತದೆ. ಆದರೆ ಪ್ರವಾಸದಲ್ಲೂ ವೈನಿ ಮೂರು ಹೊತ್ತು ರೊಟ್ಟಿ ಬಡೀಬೇಕು ಅಂತಾದರೆ ಅದನ್ನು ಉಳಿತಾಯ ಅಂತ ನಾನು ಕರೆಯಲ್ಲ. ನಮ್ಮ ಮನೆಯಲ್ಲಿ ಒಪ್ಪಂದ ಆಗಿದೆ, ಪ್ರವಾಸದಲ್ಲಿ ಬೆಳಗಿನ ಉಪ್ಪಿಟ್ಟು ಅಣ್ಣನದು, ರಾತ್ರಿ ಅನ್ನ ಸಾರು ಅಪ್ಪನದು. ಲಾರಿಯವರ ಕೈ ಅಡುಗೆ ತಿಂದವರಿಗೆ ಗೊತ್ತು, ಖಾರ ಕೇಳೋದೇ ಬೇಡ.

ಹದಿನೇಳು ರಾತ್ರಿ ನಮ್ಮೊಬ್ಬರಿಂದ ಆಗಲ್ಲ. ಅದಕ್ಕೆ ಕಾಕಾನ ಮನೆಯವರೂ ವರ್ಷಕ್ಕೆ ಒಂದು ಸಲ ಒಯ್ತಾರೆ ಅಂತ ಮಾತಾಗಿದೆ. ಖರ್ಚಿನಲ್ಲೂ ಪಾಲು. ಬಾಡಿಗೆಗೆ ಕೊಡೋ ಯೋಚನೆ ಮಾಡಬೇಡಿ, ಸ್ವಂತಕ್ಕೆ ಅಂತ ನೋಂದಾಯಿಸಿದ್ದನ್ನು ಬಾಡಿಗೆಗೆ ಬಿಡೋ ಹಾಗಿಲ್ಲ.

ತಂದ ಮೇಲೆ ಮೊದಲು ಮಾಡಿದ್ದು ಕಾಟಾ. ಲಾರಿ ತೂಗೋ ಕಾಟಾ ಇದೆಯಲ್ಲ ಹೆದ್ದಾರಿ ಪಕ್ಕ, ಅಲ್ಲಿಗೆ ಎಲ್ಲ ಸಾಮಾನು ತುಂಬಿ ಒಯ್ದ್ವಿ. ಹಾಸಿಗೆ, ಪಾತ್ರೆ, 40 ಲೀಟರ್ ನೀರು, 5 ಕೆಜಿ ಗ್ಯಾಸ್ ಸಿಲಿಂಡರ್, ಟೆಂಟು. ನೀರು ಲೀಟರ್‌ಗೆ ಒಂದು ಕೆಜಿ, ನೆನಪಿರಲಿ. 620 ಕೆಜಿ ಬಂತು. ಮಿತಿಯ ಒಳಗೆ. ಕಾಟಾದ ಹುಡುಗ ನಗ್ತಿದ್ದ, "ಕಾಕಾ, ನಲವತ್ತು ಟನ್ ತೂಗಿಸ್ತಿದ್ರಿ, ಈಗ ಗುಬ್ಬಿ ತಂದೀರಿ" ಅಂತ.

ಒಟ್ಟು ತೂಕಕ್ಕಿಂತ ಮುಖ್ಯ ಹುಕ್ ಮೇಲೆ ಎಷ್ಟು ಭಾರ ಬೀಳ್ತದೆ ಅನ್ನೋದು. ಟ್ರೇಲರ್ ಅಂದ್ರೆ ತಕ್ಕಡಿ ಇದ್ದ ಹಾಗೆ, ಗಾಲಿ ನಡುವಿನ ಮುಳ್ಳು. ಭಾರ ಹಿಂದೆ ಹೆಚ್ಚಾದರೆ ಮೂತಿ ಎತ್ತಿಕೊಳ್ತದೆ, ವೇಗ ಹೆಚ್ಚಾದಾಗ ಹಾವಿನಂತೆ ಆ ಕಡೆ ಈ ಕಡೆ ತೂಗೋಕೆ ಶುರು. ಅದು ಕಾರನ್ನೂ ಎಳ್ಕೊಂಡು ಉರುಳಿಸ್ತದೆ. ಯುರೋಪಿನಲ್ಲಿ ಒಟ್ಟು ತೂಕದ ಶೇ. 5ರಿಂದ 7ರಷ್ಟು ಮೂತಿಯ ಮೇಲೆ ಇರಲಿ ಅಂತಾರೆ, ಅಮೆರಿಕದವರು ಶೇ. 10ರಿಂದ 15 ಅಂತಾರೆ, ಎರಡೂ ಕಡೆಯವರ ಟ್ರೇಲರ್, ಕಾರು ಬೇರೆ ಥರ. ನಿಮ್ಮ ಹುಕ್ ಎಷ್ಟು ತಡೀತದೆ ಅಂತ ಅದರ ಮೇಲೇ ಬರೆದಿರ್ತದೆ, ಅದನ್ನು ದಾಟಬೇಡಿ. ಅಳೆಯೋದು ಸುಲಭ. ಮನೆಯಲ್ಲಿ ನಿಂತು ತೂಕ ನೋಡ್ಕೊಳ್ಳೋ ಯಂತ್ರದ ಮೇಲೆ ಗಟ್ಟಿ ಕಟ್ಟಿಗೆ ಇಟ್ಟು, ಅದರ ಮೇಲೆ ಮೂತಿ ಇಳಿಸಿ. ನಮ್ಮದು ಮೊದಲ ಸಲ 18 ಕೆಜಿ ತೋರಿಸಿತು, ಶೇ. 3. ಅಡುಗೆ ಕಟ್ಟೆ ಹಿಂದೆ ಇರೋದರಿಂದ ನೀರು, ಪಾತ್ರೆ ಎಲ್ಲ ಹಿಂದೇ ಕೂತಿತ್ತು. ಅಪ್ಪ ನೀರಿನ ಕ್ಯಾನ್‌ಗಳನ್ನೂ ಬ್ಯಾಟರಿಯನ್ನೂ ಮುಂದಕ್ಕೆ ತಂದರು. 46 ಬಂತು. ಶೇ. 7 ದಾಟಿತು. ಅಷ್ಟೇ ಕೆಲಸ, ಹತ್ತು ನಿಮಿಷ. ಇದನ್ನು ಮಾಡದೆ ಹೆದ್ದಾರಿ ಹತ್ತಬೇಡಿ.

ಬ್ರೇಕ್ ಬಗ್ಗೆ ಎರಡು ಮಾತು. ನಮ್ಮದರಲ್ಲಿ ತಳ್ಳು ಬ್ರೇಕ್ ಇದೆ. ಮುಂದಿನ ಕಾರು ನಿಧಾನ ಆದಾಗ ಟ್ರೇಲರ್ ಬಂದು ಹುಕ್‌ನ ಮೇಲೆ ಒತ್ತುತ್ತದೆ, ಆ ಒತ್ತಡವೇ ಅದರ ಗಾಲಿಯ ಬ್ರೇಕ್ ಹಿಡಿಯೋ ಹಾಗೆ ಮಾಡ್ತದೆ. ಸರಳ. ಜೊತೆಗೆ ಸರಪಳಿ ಕಡ್ಡಾಯ, ಹುಕ್ ಕಳಚಿದರೂ ಟ್ರೇಲರ್ ಬಿಟ್ಟು ಓಡಬಾರದು. ಹಿಂದಿನ ಲೈಟು, ಇಂಡಿಕೇಟರ್ ಕಾರಿನ ಜೊತೆ ಕೂಡಿ ಉರೀಬೇಕು. ಓಡುವಾಗ ಒಳಗೆ ಯಾರೂ ಕೂರಬಾರದು, ಮಕ್ಕಳು ಎಷ್ಟೇ ಹಟ ಮಾಡಲಿ. ಅಕಸ್ಮಾತ್ ತೂಗೋಕೆ ಶುರುವಾದರೆ ಆಕ್ಸಿಲರೇಟರ್ ಬಿಡಿ, ಸ್ಟೇರಿಂಗ್ ನೇರ ಹಿಡೀರಿ, ಜೋರಾಗಿ ಬ್ರೇಕ್ ತುಳೀಬೇಡಿ.

ರಿವರ್ಸ್ ಕಲಿಸಿದ್ದು ಅಪ್ಪ. ಊರ ಹೊರಗಿನ ಬಯಲಿನಲ್ಲಿ, ಎರಡು ಡಬ್ಬಿ ಇಟ್ಟು. ಟ್ರೇಲರ್ ಹಿಂದೆ ಹೋಗುವಾಗ ಎಲ್ಲ ಉಲ್ಟಾ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ. ತಲೆ ಕೆಡ್ತದೆ. ಅಪ್ಪನ ಉಪಾಯ: ಸ್ಟೇರಿಂಗ್‌ನ ಕೆಳಗಿನ ತುದಿ ಹಿಡಿ, ಕೈ ಯಾವ ಕಡೆ ಸರೀತದೋ ಟ್ರೇಲರ್ ಹಿಂಭಾಗ ಆ ಕಡೆ ಹೋಗ್ತದೆ. ಸ್ವಲ್ಪ ಸ್ವಲ್ಪ ತಿರುಗಿಸು, ಮಡಚಿಕೊಂಡರೆ ನಿಲ್ಲಿಸಿ ಮುಂದೆ ಬಂದು ಮತ್ತೆ ಶುರು ಮಾಡು. ಮೂರು ಸಂಜೆ ಹಿಡೀತು. ನೋಡೋಕೆ ಓಣಿಯ ಹುಡುಗರೆಲ್ಲ ಬಂದು ಕೂರ್ತಿದ್ದರು. ಅಪ್ಪ ಯಾವತ್ತೂ ಲಾರಿ ಸ್ಟೇರಿಂಗ್ ನನಗೆ ಮುಟ್ಟಿಸಿದವರಲ್ಲ. ಈಗ ಪಕ್ಕದಲ್ಲಿ ನಿಂತು, "ಹಾಂ, ಬರ್ಲಿ, ಬರ್ಲಿ, ಬಾಸ್" ಅಂತ ಟಿನ್ನಿನ ಮೇಲೆ ಬಡೀತಿದ್ದರು, ಕ್ಲೀನರ್ ಥರ.

ಎಂಟು ಬೈ ನಾಲ್ಕರಲ್ಲಿ ಆರು ಜನ ಹೇಗೆ ಅಂತ ಕೇಳ್ತೀರಿ. ಮಲಗಲ್ಲ. ಒಳಗೆ ಅವ್ವ, ಪಕ್ಕಕ್ಕೆ ಅಣ್ಣನ ಏಳು ವರ್ಷದ ಮಗ. ಉಳಿದವರಿಗೆ ಟ್ರೇಲರ್ ಪಕ್ಕಕ್ಕೆ ಜೋಡಿಸೋ ಟೆಂಟು. ಅಪ್ಪ ಮಾತ್ರ ಗಾಡಿಯ ಸೀಟಿನಲ್ಲೇ ಮಲಗ್ತಾರೆ, ಅವರಿಗೆ ಬೇರೆ ಕಡೆ ನಿದ್ದೆ ಹತ್ತಲ್ಲ. ಟಾಯ್ಲೆಟ್ ಅಂದ್ರೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಕೂರೋ ಎತ್ತರ. ಮೇಲೆ ನೀರು, ಕೆಳಗೆ ಮುಚ್ಚಿದ 20 ಲೀಟರ್ ಟ್ಯಾಂಕ್, ವಾಸನೆ ತಡೆಯೋಕೆ ಒಂದು ದ್ರಾವಣ. ಅದಕ್ಕೆ ಪುಟ್ಟ ನಿಲುವು ಟೆಂಟು. ತುಂಬಿದ ಮೇಲೆ ಯಾವುದಾದರೂ ಟಾಯ್ಲೆಟ್‌ನಲ್ಲಿ ಸುರಿದು ತೊಳೀಬೇಕು. ಹಳ್ಳಕ್ಕೆ, ಹೊಲದ ಬದುವಿಗೆ ಸುರಿಯೋರ ಜೊತೆ ನಾನು ಮಾತಾಡಲ್ಲ. ಆ ಕೆಲಸ ಅಣ್ಣನದು. ಒಲೆ ಯಾವತ್ತೂ ಹೊರಗೆ ಅಥವಾ ಮುಚ್ಚಳ ಪೂರ್ತಿ ಎತ್ತಿದಾಗ ಮಾತ್ರ. ಚಳಿ ಅಂತ ಮುಚ್ಚಿದ ಟ್ರೇಲರ್ ಒಳಗೆ ಗ್ಯಾಸ್, ಇದ್ದಿಲು ಹಚ್ಚಬೇಡಿ, ವಿಷಗಾಳಿಗೆ ವಾಸನೆ ಇರಲ್ಲ.

ದೊಡ್ಡ ತಲೆನೋವು ಅಂದ್ರೆ ರಾತ್ರಿ ಎಲ್ಲಿ ನಿಲ್ಲಿಸೋದು. ಹೊರದೇಶಗಳಲ್ಲಿ ಇದಕ್ಕಂತಲೇ ಜಾಗ ಇರ್ತವೆ, ನೀರು, ಕರೆಂಟು, ಟಾಯ್ಲೆಟ್ ಸಮೇತ. ಕೇರಳ 2021ರಲ್ಲಿ ಕಾರವಾನ್ ಪ್ರವಾಸಕ್ಕೆ ಅಂತ ಒಂದು ನೀತಿ ತಂದಿತು. ನಮ್ಮ ಕಲ್ಯಾಣ ಕರ್ನಾಟಕದಲ್ಲಿ ನಾವು ಕೇಳಿಕೊಂಡೇ ನಿಲ್ಲಬೇಕು. ಮಠದ ಅಂಗಳ, ಯಾತ್ರಿನಿವಾಸ, ಕುಟುಂಬಗಳು ಬರೋ ದೊಡ್ಡ ಧಾಬಾ, ಪೆಟ್ರೋಲ್ ಬಂಕ್. ಸಂಜೆ ಐದಕ್ಕೇ ಜಾಗ ಗೊತ್ತು ಮಾಡಿಕೊಳ್ಳಿ, ಕತ್ತಲಾದ ಮೇಲೆ ಹುಡುಕಬೇಡಿ. ಅಪ್ಪನ ಹಳೇ ಡೈರಿ ಈಗ ಉಪಯೋಗಕ್ಕೆ ಬಂದಿದೆ, ಯಾವ ಧಾಬಾದವನು ಒಳ್ಳೆಯವನು ಅಂತ ಊರೂರಿನ ಪಟ್ಟಿ. ಆದರೆ ಅದರಲ್ಲಿ ಹೆಂಗಸರ ಟಾಯ್ಲೆಟ್ ಎಲ್ಲಿದೆ ಅಂತ ಒಂದು ಸಾಲೂ ಇಲ್ಲ. ಕೇಳಿದರೆ, "ನಮಗೇನು ಗೊತ್ತಿತ್ತವ್ವಾ" ಅಂದರು.

ಪರೀಕ್ಷೆಗೆ ಅಂತ ಎರಡು ಸಣ್ಣ ಪ್ರವಾಸ ಮಾಡಿದ್ದೀವಿ. ಒಂದು ಹುಮನಾಬಾದ್ ಹತ್ತಿರದ ಜಲಸಂಗ್ವಿ, ಹೋಗಿ ಸಂಜೆಗೆ ವಾಪಸ್. ಅಲ್ಲಿನ ಗುಡಿಯ ಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ಇದ್ದಾಳೆ, ಆರನೇ ವಿಕ್ರಮಾದಿತ್ಯನ ಹೊಗಳಿಕೆಯನ್ನು ಕಲ್ಲಿನ ಮೇಲೆ ಬರೀತಾ ನಿಂತಿದ್ದಾಳೆ. ಅಷ್ಟು ಹತ್ತಿರ ಇದ್ದೂ ಅವ್ವ ನೋಡಿರಲಿಲ್ಲ. ಎರಡನೇದು ಬೀದರ್, ಒಂದು ರಾತ್ರಿ. ಕೋಟೆ, ಗುರುದ್ವಾರ ನಾನಕ್ ಝೀರಾದಲ್ಲಿ ಲಂಗರ್ ಊಟ. ರಾತ್ರಿ ಚಳಿ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿ ಒಳಗಡೆ ನೀರಿನ ಹನಿ ಕಟ್ಟಿತ್ತು, ಇಬ್ಬರ ಉಸಿರಿಗೇ. ಕಿಟಕಿ ಎರಡು ಬೆರಳು ತೆರೆದೇ ಮಲಗಬೇಕು. ಬೇಸಿಗೆಯಲ್ಲಂತೂ ನಮ್ಮ ಕಡೆಯ ಬಿಸಿಲಿಗೆ ಇದು ರೊಟ್ಟಿ ಹಂಚು, ಏಪ್ರಿಲ್ ಮೇ ಮರೆತುಬಿಡಿ. ನನಗೆ ಮುಖ್ಯ ಅನಿಸಿದ್ದು ಬೇರೆ. ಆ ದಿನ ದಾರಿಯಲ್ಲಿ ಅವ್ವ ಎರಡು ಬಾಟಲಿ ನೀರು ಖಾಲಿ ಮಾಡಿದಳು.

ಗೋಕರ್ಣಕ್ಕೆ ದೀಪಾವಳಿ ಆದ ಮೇಲೆ. ಅಪ್ಪ ದಿನಕ್ಕೆ 250 ಕಿಲೋಮೀಟರ್‌ಗಿಂತ ಹೆಚ್ಚು ಬೇಡ, 60ರ ವೇಗ ಸಾಕು ಅಂತ ಹೇಳಿದ್ದಾರೆ. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ ಇದೆ, ಅಲ್ಲಿ ಸ್ಟೇರಿಂಗ್ ಅವರದು. ಇಳಿಯೋ ಮುಂಚೆ ಗೇರ್ ಇಳಿಸು, ಎಂಜಿನ್ನೇ ಹಿಡಿದು ಇಳಿಸಲಿ, ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಅದು ಕಾದು ಕೈ ಕೊಡ್ತದೆ, ಇದು ಅವರ ಪಾಠ. ಉಳಿದ ದಾರಿ ನಾನು, ಅಣ್ಣ ಹಂಚಿಕೊಳ್ತೀವಿ.

ಮೊನ್ನೆ ಸಾಮಾನಿನ ಪಟ್ಟಿ ಮಾಡ್ತಿದ್ದಾಗ ಅವ್ವ ಒಂದು ಖಾಲಿ ಕ್ಯಾನ್ ತಂದಿಟ್ಟಳು. 20 ಲೀಟರಿಂದು. ಸಮುದ್ರದ ನೀರು ತುಂಬ್ಕೊಂಡು ಬರಬೇಕಂತೆ, ಓಣಿಯವರಿಗೆಲ್ಲ ತೋರಿಸೋಕೆ. ನಾನು, "ಅವ್ವಾ, ಇಪ್ಪತ್ತು ಕೆಜಿ ಆಗ್ತದ, ಎರಡು ಬಾಟಲಿ ಸಾಕಲ್ಲ" ಅಂದೆ. ಅಪ್ಪ ಅಲ್ಲೇ ಕೂತು ಹುಕ್‌ಗೆ ಗ್ರೀಸ್ ಹಚ್ಚುತ್ತಿದ್ದರು. ತಲೆ ಎತ್ತದೆ, "ಇರ್ಲಿ ಬಿಡು, ಮುಂದಿನ ಕಡೆ ಇಡೋಣು" ಅಂದರು.

ನಿಮ್ಮ ಹತ್ತಿರ ಪ್ರಶ್ನೆ ಇದ್ದರೆ ಕಳಿಸಿ. ನಿಮ್ಮ ಕಾರಿನ ಮಾದರಿ, ಮನೆಯಲ್ಲಿ ಎಷ್ಟು ಜನ, ವರ್ಷಕ್ಕೆ ಎಷ್ಟು ರಾತ್ರಿ ಹೊರಗೆ ಮಲಗ್ತೀರಿ, ಈ ಮೂರು ಬರೀರಿ, ಲೆಕ್ಕ ನಾನು ಹಾಕಿಕೊಡ್ತೀನಿ. ಗೋಕರ್ಣದಿಂದ ಬಂದ ಮೇಲೆ ಮತ್ತೆ ಸಿಗೋಣ್ರಿ.